ಇತರೆ

ಬೆಳಗಿನ ಜಾವ ನಾಲ್ಕೂಮುಕ್ಕಾಲು.
ಸೊಹಾರಿನ ಹೆದ್ದಾರಿ ಬದಿ ಮಡಚುವ ಕುರ್ಚಿ ಹಾಕಿ ಕೂತಿದ್ದೇನೆ.
ಕೈಯಲ್ಲಿ ಟಿಕ್ ಎನ್ನುವ ಎಣಿಕೆ ಯಂತ್ರ,
ತೊಡೆಯ ಮೇಲೆ ಹಾಳೆ, ಹಾಳೆಯಲ್ಲಿ ಮೂರು ಸಾಲು:
ನಡೆದವರು. ಸೈಕಲ್ಲಿನವರು. ಇತರೆ.

ಊರು ಬೆಳೆಯುತ್ತಿದೆಯಂತೆ, ಪುರಸಭೆ ಕೇಳಿದೆ:
ಎಷ್ಟು ಮಂದಿ, ಎಲ್ಲಿಂದ ಎಲ್ಲಿಗೆ?
ಆಫೀಸಿನ ನಕ್ಷೆಯಲ್ಲಿ ನಾನೇ ಎಳೆದ ಹಸಿರು ಗೆರೆ
ಕಡಲ ದಂಡೆಗುಂಟ ಹಾಯಾಗಿ ಬಳುಕುತ್ತದೆ,
ಸಂಜೆ ಗಾಳಿಗೆ ಬಂದವರು ಮೆಲ್ಲಗೆ ತುಳಿಯಲೆಂದು.
ಈ ಹೊತ್ತಿಗೆ ಅಲ್ಲಿ ನರಪಿಳ್ಳೆಯೂ ಇಲ್ಲ.

ಇಲ್ಲಿ ಇದ್ದಾರೆ.
ಬಾಂಗು ಮುಗಿದದ್ದೇ ಕತ್ತಲಿಗೆ ಕಾಲು ಮೂಡಿದಂತೆ
ಖುಬ್ಬೂಸಿನ ಬಿಸಿ ಕಟ್ಟನ್ನು ಎದೆಗವಚಿಕೊಂಡವನು,
ನೀರಿನ ಪೈಪನ್ನು ಹಾರದಂತೆ ಹಾಕಿಕೊಂಡ ತೋಟದವನು,
ಆಸ್ಪತ್ರೆ ಒರೆಸಲು ಹೊರಟ ಇಬ್ಬರು ಹೆಂಗಸರು,
ಒಬ್ಬಳದು ಒಂದು ಚಪ್ಪಲಿ ಕಿತ್ತು, ನಗು ಇಬ್ಬರದೂ.
ಟಿಕ್. ಟಿಕ್. ಟಿಕ್ ಟಿಕ್.

ಆಮೇಲೆ ಅವನು ಬಂದ.
ಮೂರು ಪಥ ದಾಟಿದ. ನಡುವಿನ ಗೋಡೆಯ ಬಳಿ ನಿಂತು
ಸೈಕಲ್ಲನ್ನು ಎತ್ತಿ ಹೆಗಲಿಗೇರಿಸಿದ.
ಅವನು ಸೈಕಲ್ಲಿನ ಮೇಲಿಲ್ಲ. ಸೈಕಲ್ಲು ಅವನ ಮೇಲಿದೆ.
ಲಾರಿಯ ಬೆಳಕು ಇಬ್ಬರ ಮೈಮೇಲೂ ಹಾದುಹೋಯಿತು.
ನನ್ನ ಹೆಬ್ಬೆರಳು ಯಂತ್ರದ ಮೇಲೆ ಹಾಗೇ ಉಳಿಯಿತು.

ಅಮ್ಮನ ಫೋನು ಬಂದಿತ್ತು, ಮಾತಾಡುತ್ತಿದ್ದೆ.
‘ಕನ್ನಡದವ್ರೇನ್ರೀ?’ ಅಂತ ಇಳಿಸಿದ.
ಇಂಡಿ ಕಡೆಯ ಮಾಳಿಂಗರಾಯ. ವೆಲ್ಡಿಂಗ್ ಕೆಲಸ.
‘ಬ್ರಿಜ್ ಇಲ್ಲವಾ?’ ಎಂದು ಕೇಳಿದೆ, ನಕ್ಷೆಯಲ್ಲಿ ಇದೆಯಲ್ಲ.
‘ಐತ್ರಿ, ಒಂದೂವರಿ ಕಿಲೋಮೀಟರ್ ಆಚೀಕ.
ಮೆಟ್ಲ ಎಪ್ಪತ್ತೆರಡು. ಅಲ್ಲೂ ಹೊತ್ಕೊಂಡೇ ಏರ್ಬೇಕಲ್ರಿ.’
ಸ್ವಲ್ಪ ಹೊತ್ತು ಬಿಟ್ಟು ಬೆಲ್ಲನ್ನು ಬೆರಳಿಂದ ಒರೆಸಿದ.
‘ಇದು ರಫೀಕುಲಂದು. ನನ್ನ ರೂಮ್ನವ.
ಹ್ವಾದ ರಮ್ಜಾನ್ದಾಗ, ಇದೇ ಗ್ವಾಡಿ ಹತ್ರ.
ಸೈಕಲ್ಲಿಂದು ಇದೊಂದ ಉಳೀತು.’
ಟ್ರಿಣ್ ಎನಿಸಿ ತೋರಿಸಿದ. ಚೆನ್ನಾಗೇ ಕೇಳುತ್ತದೆ.

ಏಳೂವರೆಗೆ ಬಿಸಿಲು ಕುರ್ಚಿಯ ಕಾಲು ಕಚ್ಚಿತು.
ಎದ್ದು, ಅವರೆಲ್ಲ ಹೋದ ಕಡೆ ನಡೆದೆ.
ಖಾಲಿ ನಿವೇಶನದ ಮರಳಲ್ಲಿ ಒಂದು ಕಾಲುದಾರಿ,
ಯಾರೂ ಟೆಂಡರ್ ಕರೆದದ್ದಲ್ಲ,
ಸವೆದು ಸವೆದು ಗಟ್ಟಿಯಾದದ್ದು.
ತಂತಿಬೇಲಿಯ ಕಂಡಿಗೆ ನೇರ ಹೋಗಬಹುದಿತ್ತು.
ನಡುವೆ ಎಡಕ್ಕೆ ತಿರುಗಿ, ಇಪ್ಪತ್ತು ಹೆಜ್ಜೆ ಸುತ್ತಿ,
ಒಂದು ಮರ ಮುಟ್ಟಿ ಮತ್ತೆ ದಾರಿಗೆ ಬರುತ್ತದೆ.
ಇಲ್ಲಿಯವರು ಗಾಫ್ ಅನ್ನುತ್ತಾರೆ. ನಾನು ಎಲೆ ನೋಡಿದೆ,
ಮುಳ್ಳು ನೋಡಿದೆ. ಅರೆ, ಬನ್ನಿ!
ಬುಡದಲ್ಲಿ ನೀರಿನ ಖಾಲಿ ಬಾಟಲಿ, ಬೀಡಿ ತುಂಡು,
ಕೂತು ಕೂತು ನುಣುಪಾದ ಸಿಮೆಂಟಿನ ಇಟ್ಟಿಗೆ.
ನಮ್ಮ ನಕ್ಷೆಯಲ್ಲಿ ಈ ಮರವೇ ಇಲ್ಲ.

ಗುರುವಾರದ ಸಭೆಯಲ್ಲಿ ಪುರಸಭೆಯ ಜುವೈನಾ
ಹಾಳೆ ತಿರುವುತ್ತಾ ಒಂದು ಕಡೆ ನಿಂತಳು.
‘ಇತರೆ, ಅರವತ್ತೊಂದು. ಏನಿದು? ಕತ್ತೆಗಳಾ?’
ಸೈಕಲ್ಲು ಹೊತ್ತು ದಾಟಿದವರು ಎಂದೆ.
ಎ.ಸಿ.ಯ ಸದ್ದೊಂದೇ.
ಅವಳು ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು.
ಸುರಂಗದಾರಿಗೆ ದುಡ್ಡು ಈ ವರ್ಷ ಇಲ್ಲ, ಎಂದಳು.
ಮುಂದಿನ ವರ್ಷ ಎಂದೂ ಹೇಳಲಿಲ್ಲ. ಆದರೆ ಆ ಹಾಳೆಯನ್ನು
ಫೈಲಿಗೆ ಸೇರಿಸದೆ ಕೈಚೀಲಕ್ಕೆ ಹಾಕಿಕೊಂಡಳು.

ಆ ರಾತ್ರಿ ನಕ್ಷೆ ತೆರೆದೆ.
ಕಡಲಿನ ಗೆರೆ ಇರಲಿ, ಅದಕ್ಕೂ ಜನ ಬರುತ್ತಾರೆ.
ಹೆದ್ದಾರಿಯಿಂದ ಬೇಲಿಯ ಕಂಡಿಯವರೆಗೆ
ಇನ್ನೊಂದು ಎಳೆದೆ, ಮರಳು ಹೇಳಿದ ಹಾಗೆ.

ಬೆಳಿಗ್ಗೆ ಹಿರಿಯ ಎಂಜಿನಿಯರ್ ಕನ್ನಡಕ ಏರಿಸಿದರು:
‘ಇಲ್ಲೇನಮ್ಮ ಸೊಟ್ಟ? ನೇರ ಎಳೆದರೆ
ಹದಿನಾಲ್ಕು ಮೀಟರ್ ಡಾಂಬರು ಉಳಿಯುತ್ತೆ.’

ಮರ ಇದೆ ಸಾರ್, ಎಂದೆ.