ಎರಡನೇ ದರ್ಜೆಯ ಕೆಸರು

ಕಾರಿಗೆ ಕೆಸರು ಹಚ್ಚುವುದು ಗ್ಲಾಫಿರಾಳ ಕೆಲಸ.
ನಗಬೇಡಿ. ಸಂಬಳದ ಚೀಟಿಯಲ್ಲಿ ಅದಕ್ಕೊಂದು ಹೆಸರೂ ಇದೆ:
‘ಮೇಲ್ಮೈ ಅಲಂಕರಣ, ಎರಡನೇ ದರ್ಜೆ.’

ವೋಲ್ಗಾ ದಂಡೆಯ ಕಾರ್ಖಾನೆ, ಹಿಂಬದಿಯ ಷೆಡ್ಡು,
ಮಾರ್ಚ್ ತಿಂಗಳ ರಾತ್ರಿ. ಹೊರಗೆ ನದಿ ಇನ್ನೂ ಗಾಜು.
ಊರ ಮಂದಿಯೆಲ್ಲ ಓಡಿಸುವ ಅದೇ ಪುಟ್ಟ ಕಾರು,
ಮಗುವನ್ನು ಶಾಲೆಗೆ, ಆಲೂಗಡ್ಡೆ ಮೂಟೆಯನ್ನು ಮನೆಗೆ
ಮುಟ್ಟಿಸುವ ಬಡಪಾಯಿ,
ಈಗ ಗೇಣೆತ್ತರ ಎದ್ದು ನಿಂತಿದೆ
ಅಪ್ಪನ ಬೂಟು ಮೆಟ್ಟಿಕೊಂಡ ಹುಡುಗನ ಹಾಗೆ.
ಸೊಂಟಕ್ಕೆ ಕಪ್ಪು ಪಟ್ಟಿ, ನೆತ್ತಿಯ ಮೇಲೆ ನಾಲ್ಕು ದೀಪ,
ಬೆನ್ನಿಗೊಂದು ಸಲಿಕೆ, ಚರ್ಮದ ಬಾರಿನಲ್ಲಿ ಬಿಗಿದದ್ದು,
ಒಮ್ಮೆಯೂ ಮಣ್ಣು ಕಾಣದ್ದು.
ಬಾನೆಟ್ಟು ಎತ್ತಿದರೆ ಎಂಜಿನ್ ಇರಬೇಕಾದಲ್ಲಿ
ಎರಡು ಮರಳಿನ ಚೀಲ.
ತೂಕಕ್ಕೆ.

ರಿನಾತ್, ಇದರ ರೂಪ ಬರೆದ ಇಪ್ಪತ್ತಾರರ ಹುಡುಗ,
ಸುತ್ತು ಹಾಕುತ್ತಾನೆ, ಉಗುರು ಕಚ್ಚುತ್ತಾನೆ.
“ಬಾಗಿಲ ತನಕ ಬೇಡ, ಚಿಕ್ಕಮ್ಮ. ಚಕ್ರದ ಸುತ್ತ ಒಂದಿಷ್ಟು ಸಾಕು,
ಈಗಷ್ಟೇ ಹೊಳೆ ದಾಟಿ ಬಂದಂತೆ.”
“ಯಾವ ಹೊಳೆ?”
ಅವನು ಕಣ್ಣು ಪಿಳುಕಿಸುತ್ತಾನೆ.
ಅವಳಿಗೆ ಹೊಳೆ ಹೊಳೆಗೂ ಕೆಸರು ಬೇರೆ.

ಡಬ್ಬಿಯಲ್ಲಿ ಸಿದ್ಧವಾಗಿ ಬಂದದ್ದು ಚಾಕೊಲೇಟಿನ ಬಣ್ಣ;
ಹುಟ್ಟುಹಬ್ಬಕ್ಕಾದೀತು ಎಂದು ಪಕ್ಕಕ್ಕಿಟ್ಟಳು.
ಸೌತೆಯ ಉಪ್ಪಿನಕಾಯಿ ಜಾಡಿಯಲ್ಲಿ ತಂದಿದ್ದಾಳೆ
ಅಕ್ಕನ ಹಳ್ಳಿಯದು, ಕಳೆದ ಅಕ್ಟೋಬರಿನದು.
ಸುಖೊಯ್ ವ್ರಾಗ್ ಅಂದರೆ ಒಣ ಕೊರಕಲು.
ಹೆಸರಿಟ್ಟ ಪುಣ್ಯಾತ್ಮ ಏಪ್ರಿಲ್‌ನಲ್ಲಿ ಅತ್ತ ಹೋಗಿರಲಿಲ್ಲ.

ಮೂರು ಪಾಲು ಮಣ್ಣು, ಒಂದು ಪಾಲು ಗೋಂದು, ಚಿಟಿಕೆ ಹೊಟ್ಟು.
ಬರ್ಚ್ ಕಡ್ಡಿಯ ಕಂತೆ ಅದ್ದಿ, ಉಸಿರು ಹಿಡಿದು,
ಮಣಿಕಟ್ಟಿನಿಂದ ಒಂದೇ ಝಾಡಿಸು.
ಬಿದ್ದದ್ದು ಬಿದ್ದ ಹಾಗೇ ಇರಬೇಕು,
ತಿದ್ದಿದರೆ ಸುಳ್ಳು ಅನ್ನುತ್ತಾಳೆ.
ಸುಳ್ಳೇ ತಾನೇ ಎಲ್ಲ, ಅಂದ ರಿನಾತ್.
ಅವಳು ಉತ್ತರಿಸಲಿಲ್ಲ. ಮತ್ತೆ ಅದ್ದಿದಳು.

ಮಾಸ್ಕೋದಲ್ಲಿ ವೇದಿಕೆ ತಿರುಗುತ್ತಿತ್ತು, ಕಾರು ನಿಂತಿತ್ತು.
ಜನ ಫೋಟೊ ಹಿಡಿದರು. ಯಾರೋ ‘ದಿಟ್ಟ’ ಅಂದರು.
ಮುಪ್ಪಿನ ಕೋಟಿನ ಒಬ್ಬಾತ ಹಗ್ಗ ದಾಟಿ ಬಂದು
ಉಗುರಿನಿಂದ ಕೆರೆದು, ಮೂಗಿಗೆ ಹಿಡಿದು,
“ಇದು ನಮ್ಮ ಕಡೆಯದು” ಅಂದನಂತೆ.
ಎಂಜಿನ್ ಕೇಳಲಿಲ್ಲ. ಬೆಲೆ ಕೇಳಲಿಲ್ಲ.
“ಮಾಡುತ್ತೀರಾ ಇದನ್ನ?” ಅಂತ ಮಾತ್ರ.
“ನೋಡೋಣ” ಅಂದ ರಿನಾತ್.
ಕಾರ್ಖಾನೆಯಲ್ಲಿ ಆ ಮಾತಿನ ಅರ್ಥ
ಗೇಟಿನ ನಾಯಿಗೂ ಗೊತ್ತು.

ಏಪ್ರಿಲ್. ಹಿಮ ಕರಗಿ ದಾರಿಗಳು ರಜೆ ಹಾಕುವ ಕಾಲ.
ಅಕ್ಕನ ಮನೆಗೆ ಇನ್ನು ಎರಡು ಮೈಲಿ;
ಗ್ಲಾಫಿರಾಳ ಸ್ವಂತ ಕಾರು, ಅದೇ ಮಾದರಿ, ಅದೇ ಮುಖ,
ಬೂಟಿಲ್ಲದ್ದು, ನೆತ್ತಿಯ ದೀಪವಿಲ್ಲದ್ದು,
ಎಂಜಿನ್ ಮಾತ್ರ ಉಳ್ಳದ್ದು,
ಗುರ್ ಎಂದಿತು, ಗುರ್ ಎಂದಿತು, ಹೊಟ್ಟೆಯ ಮೇಲೆ ಕೂತಿತು.
ಇಳಿದಳು. ಎಡಗಾಲು ಬಂತು, ಬೂಟು ಬರಲಿಲ್ಲ.

ನಿಕೀಫರ್ ಟ್ರ್ಯಾಕ್ಟರ್ ತಂದು ಸರಪಳಿ ಬಿಗಿಯುವಾಗ
ಅವಳು ಒಂಟಿ ಕಾಲುಚೀಲದಲ್ಲಿ ನಿಂತು
ಕಾರಿನ ಪಕ್ಕೆಯನ್ನೇ ನೋಡುತ್ತಿದ್ದಳು, ತಲೆ ಓರೆಮಾಡಿ,
ಪರರ ಅಕ್ಷರ ಓದುವವಳ ಹಾಗೆ.
“ಹಿಂದಿನ ಬಾಗಿಲಿಗೆ ಕಡಿಮೆ ಹಾಕಿಬಿಟ್ಟೆ” ಅಂದಳು.
“ಏನು?”
“ಏನಿಲ್ಲ. ಎಳಿ.”