ತುಟಿ ಒಡೆಸುವ ಕೆಲಸ

ನನ್ನ ಕೆಲಸ ತುಟಿ ಒಡೆಸುವುದು.
ಅಕ್ಕಿಹಿಟ್ಟು, ಅಂಟು, ಚಿಟಿಕೆ ಕೆಮ್ಮಣ್ಣು.
ಒಣಗುವ ತನಕ ಮಾತಾಡಬೇಡಿ ಅನ್ನುತ್ತೇನೆ.
ಇಬ್ಬರೂ ಅಸುನ್ಸಿಯೋನಿನ ನಾಟಕದವರೇ;
ಒಬ್ಬ ಪರಾಗ್ವೆಯ ಸಿಪಾಯಿ,
ಇನ್ನೊಬ್ಬ ಇವತ್ತಿನ ಮಟ್ಟಿಗೆ ಬೊಲಿವಿಯಾದವನು.
ಮಡಚುವ ಕುರ್ಚಿಯಲ್ಲಿ ಎದುರುಬದುರು ಕೂತು
ತಮ್ಮ ತಮ್ಮ ಬಾಯಾರಿಕೆ ಒಣಗಲೆಂದು ಕಾಯುತ್ತಾರೆ.
ಕಾಲ ಬುಡದ ಲೋಟದಲ್ಲಿ ಐಸು ಕರಗುತ್ತಿರುತ್ತದೆ.

ಚಾಕೋ ಬಯಲು, ಆಗಸ್ಟ್, ಉತ್ತರದ ಗಾಳಿ.
ನನ್ನ ಬ್ರಷ್ಷಿಗೂ ಮೊದಲೇ ಧೂಳು
ಎಲ್ಲರ ಮುಖಕ್ಕೂ ಬಣ್ಣ ಬಳಿದಾಗಿದೆ.
ಕತೆ ಇಷ್ಟೇ: ದಂಡು ತಪ್ಪಿದ ಇಬ್ಬರು ವೈರಿಗಳು,
ಬತ್ತಿದ ಒಂದು ಬಾವಿ, ಏಳು ದಿನ.
ಕೊನೆಗೆ ಅಪ್ಪಿಕೊಳ್ಳುತ್ತಾರೆ. ಲಾರಿ ಬರುತ್ತದೆ. ಪಿಟೀಲು.

ಮೂರನೆಯ ದಿನ ಕುದುರೆ ಇಳಿದು ಬಂದ ಮುದುಕ,
ಸೆರಾಫಿನ್ ಓವೆಲಾರ್,
ನನ್ನ ಬೆನ್ನ ಹಿಂದೆ ಬಹಳ ಹೊತ್ತು ನಿಂತ.
"ತುಟಿ ಆಮೇಲೆ, ಮಗಳೇ.
ಮೊದಲು ಹೋಗುವುದು ಉಗುಳು. ಆಮೇಲೆ ಅಳು.
ನಾಲಿಗೆಯೆಂದರೆ ಬಾಯೊಳಗೆ ಯಾರೋ ಬಿಟ್ಟುಹೋದ ಚಪ್ಪಲಿ.
ಅವನ ತುಟಿ ನಾನು ನೋಡಿಯೇ ಇಲ್ಲ.
ಗಂಟಲುಮಣಿ ನೋಡುತ್ತಿದ್ದೆ,
ಏನಾದರೂ ಕೆಳಗಿಳಿಯಿತೇ ಅಂತ."

ಅವನ ಅಂದರೆ ಯಾರ, ಅಂತ ನಾನು ಕೇಳಲಿಲ್ಲ.
ಬ್ರಷ್ಷು ತೊಳೆಯುತ್ತ ಕೂತೆ.
ತೊಳೆದ ನೀರು ಚೆಲ್ಲಿದ ಕಡೆ ಅವನು ಕಾಲಿಡಲಿಲ್ಲ, ಸುತ್ತಿ ಬಂದ.

"ನಮ್ಮ ಗುವಾರಾನಿಯಲ್ಲಿ ನೀರೆಂದರೆ ಒಂದೇ ಸ್ವರ,
ಇ ಅಲ್ಲ ಉ ಅಲ್ಲ, ನಡುವೆ ಗಂಟಲಲ್ಲಿ ಸಿಕ್ಕಿಕೊಳ್ಳುವಂಥದ್ದು.
ನಾನು ಕೇಳಿದರೆ ಅವನಿಗೆ ನರಳಿದಂತಿತ್ತು.
ಅವನು ಬೆಟ್ಟದ ಕಡೆಯವನು, ಐಮಾರಾ. ಉಮಾ, ಉಮಾ ಅನ್ನುವನು.
ಹೆಸರಿರಬೇಕು ಅಂದುಕೊಂಡೆ.
ಎರಡು ದಿನ ಹಾಗೇ ಕರೆದೆ.
ಕರೆದಾಗೆಲ್ಲ ನನ್ನ ಕೈ ನೋಡುವನು."

ನಕ್ಕ. ಹಲ್ಲಿರಲಿಲ್ಲ.

"ಸರದಿಯ ಮೇಲೆ ಅಗೆದೆವು.
ಒಬ್ಬ ಕೆಳಗೆ, ಒಬ್ಬ ಮೇಲೆ ಹಗ್ಗ ಹಿಡಿದು.
ಬಂದೂಕು ಎರಡೂ ಮೇಲಿದ್ದವನ ಪಾಲಿಗೆ."
ಅಷ್ಟು ಗೆಳೆತನವಾ, ಅಂದೆ.
"ಅಷ್ಟು ಹಗ್ಗ," ಅಂದ.

"ಲಾರಿ ಬಂದಾಗ ಕೆಳಗಿದ್ದವನು ಅವನು. ನಮ್ಮ ಲಾರಿಯೇ.
ಬಾವಿಯಲ್ಲಿ ಯಾರು, ಅಂತ ಸಾರ್ಜೆಂಟ್ ಕೇಳಿದ.
ಸೆರೆಸಿಕ್ಕವರನ್ನು ಅವನೇನು ಮಾಡುವನೆಂದು
ಹಿಂದಿನ ವಾರವಷ್ಟೇ ನೋಡಿದ್ದೆ.
ಯಾರೂ ಇಲ್ಲ, ಅಂದೆ.
ಹಗ್ಗವನ್ನು ಕೆಬ್ರಾಚೋ ಮರಕ್ಕೆ ಬಿಗಿದೆ, ಗಂಟು ಹಾಕುವ ನೆಪ ಬೇಡವೇ,
ಏನೋ ಬೈದುಕೊಂಡೆ.
ಕುಡಿಯಲು ಕೊಟ್ಟ ಡಬ್ಬಿ ಕೈಜಾರಿದಂತೆ ಒಳಗೆ ಬೀಳಿಸಿದೆ.
ಕೆನ್ನೆಗೆ ಬಿತ್ತು, ಸಾರ್ಜೆಂಟನ ಕೈ.
ಆದರೆ ಕೆಳಗಿಂದ ಸದ್ದು ಬರಲಿಲ್ಲ.
ತಗಡಿನ ಡಬ್ಬಿ, ಹನ್ನೆರಡಾಳು ಆಳ.
ಯಾರೂ ಇಲ್ಲದಿದ್ದರೆ ಸದ್ದು ಬರಬೇಕಲ್ಲ?"

ನಿರ್ದೇಶಕರಿಗೆ ಹೇಳಿದೆ. ಒಳ್ಳೆಯದು ಅಂದರು, ಬರೆದುಕೊಂಡರು.
ಆಮೇಲೆ ಅಂದರು: ಕತ್ತಲು ನೋಡಲು ಯಾರು ಟಿಕೆಟ್ಟು ಕೊಳ್ಳುತ್ತಾರೆ?
ಸಂಜೆ ಬೆಳಕು ಹೋಗುವ ಮೊದಲು ಅಪ್ಪುಗೆ ಮುಗಿಸಿದೆವು,
ನಾಲ್ಕು ಸಲ. ಪ್ರತಿ ಸಲವೂ
ಒಬ್ಬನ ತುಟಿ ಇನ್ನೊಬ್ಬನ ಹೆಗಲಿಗೆ ಅಂಟಿ ಬಂತು,
ಮತ್ತೆ ಒಡೆಸಿದೆ.

ಮಾರ್ಚಿಯಲ್ಲಿ ಸಿನಿಮಾ ಬಂತು. ಜನ ಅತ್ತರು.
ಟಿಕೆಟ್ಟು ಹಿಡಿದು ಅವನ ಊರಿಗೆ ಹೋದೆ.
ಬರುವುದಿಲ್ಲ ಅಂದ, ಮೊಣಕಾಲು ನೋವು.
ಬೀಳ್ಕೊಡಲು ಬೇಲಿಯ ತನಕ ಬಂದು ಒಂದೇ ಕೇಳಿದ:
"ಅದರಲ್ಲಿ ಹಗ್ಗ ಇದೆಯಾ?"
ಇದೆ ಅಂದೆ.
"ಮೇಲಿನ ತುದಿ ಯಾರ ಕೈಯಲ್ಲಿದೆ?"

ನೆನಪು ಮಾಡಿಕೊಂಡೆ.
ಮೇಲಿನ ತುದಿ ಚೌಕಟ್ಟಿನಾಚೆ ಇತ್ತು.
ಸಾಮಾನಿನ ಹುಡುಗ ಬ್ಲಾಸ್ ಹಿಡಿದಿದ್ದ, ಎಡಗೈಯಲ್ಲಿ.
ಬಲಗೈಯಲ್ಲಿ ರೊಟ್ಟಿ ತಿನ್ನುತ್ತಿದ್ದ.