ಮೂವತ್ತು ಚೀಟಿ

ಬಿಸ್ಕತ್ತಿನ ಹಳೇ ಡಬ್ಬಿಯಲ್ಲಿ ಮೂವತ್ತು ಚೀಟಿ
ಮಡಚಿ ಹಾಕಿ ಕೊಟ್ಟಿದ್ದಾರೆ ಎಂಟನೇ ತರಗತಿಯವರು.
ಇಷ್ಟು ವರ್ಷ ನೀವು ಹೋಮ್‌ವರ್ಕ್ ಕೊಟ್ಟಿರಿ ಮಿಸ್,
ಈಗ ನಮ್ಮ ಸರದಿ.
ದಿನಕ್ಕೊಂದು ಚೀಟಿ, ಚೀಟಿಗೊಂದು ಫೋಟೊ,
ನೀವು ವಿಮಾನ ಹತ್ತುವವರೆಗೆ.
ನೆಗಡಿಯ ನೆಪ ನಡೆಯುವುದಿಲ್ಲ.

ಮೊದಲನೆಯದು: ಹಳದಿ.
ಸುಲಭ ಅಂದುಕೊಂಡೆ. ವೈಯಾಲಾದಲ್ಲಿ ಹಳದಿ ಎಲ್ಲಿದೆ?
ಮಣ್ಣು ಕೆಂಪು, ಉಕ್ಕಿನ ಕಾರ್ಖಾನೆಯ ಗೋಡೆ ಕೆಂಪು,
ಬೆಳಿಗ್ಗೆ ಒಣಹಾಕಿದ ಬಿಳಿ ಸೀರೆ
ಸಂಜೆಗೆ ಸನ್ಯಾಸ ತೆಗೆದುಕೊಂಡಿರುತ್ತದೆ.
ಕೊನೆಗೆ ಸಿಕ್ಕಿದ್ದು ಬಾಡಿಗೆ ಮನೆಯ ಅಡುಗೆಕಟ್ಟೆಯ ಮೇಲೆ,
ಹನ್ನೊಂದು ವರ್ಷದ ಅರಿಸಿನದ ಕಲೆ.
ಚಿತ್ರ ತೆಗೆದೆ. ಆಮೇಲೆ ಬ್ಲೀಚ್ ಸುರಿದು
ಮೊಣಕೈ ನೋಯುವವರೆಗೆ ತಿಕ್ಕಿದೆ.
ಮುಂಗಡ ವಾಪಸು ಬರಬೇಕಲ್ಲ.

ನಾಲ್ಕನೆಯದು: ಸದ್ದು.
ಅದಿರಿನ ರೈಲು ಊರ ಬೆನ್ನಿಗೆ ಕೂಗಿಕೊಂಡು ಹೋಗುವುದನ್ನು
ಫೋನು ಹೇಗೆ ಹಿಡಿದೀತು?
ಕಿಟಕಿಯಲ್ಲಿ ನಡುಗುತ್ತಿದ್ದ ಲೋಟವನ್ನು ತೆಗೆದೆ.
'ಇದು ನೀರು ಮಿಸ್' ಎಂದಳು ಡೆಲೈನಾ.
ಅರ್ಧ ಅಂಕ.

ಏಳನೆಯದು: ನಿಮಗೆ ಸಿಟ್ಟು ತರಿಸುವುದು.
ಮೂರನೇ ಸಾಲಿನ ಮೇಜಿನಡಿಯ ಚ್ಯೂಯಿಂಗ್ ಗಮ್, ಇನ್ನೇನು?
ಬಗ್ಗಿ ನೋಡಿದರೆ ಅಲ್ಲೊಂದು ನಕ್ಷತ್ರಲೋಕ.
ನಡುವೆ ಯಾರೋ ಕೈವಾರದಲ್ಲಿ ಕೊರೆದಿದ್ದಾರೆ,
ನೀಲಗಂಗಾ,
ಪೂರ್ತಿ ಹೆಸರು, ಅಕ್ಷರ ತಪ್ಪಿಲ್ಲ.
ಹೆಡ್‌ಮಾಸ್ತರರಿಗೆ ನಾನು ಇಂದಿಗೂ ಮಿಸ್ ನೀಲ್.

ರಾಯಚೂರಿನಿಂದ ಅಕ್ಕ ಫೋನಿನಲ್ಲಿ:
'ಯಾಕ ಬರಾಕತ್ತೀಯವ್ವಾ, ಅಲ್ಲೇನ ಕಮ್ಮಿ ಆಗೇದ?'
ಕಮ್ಮಿ ಏನಿಲ್ಲಕ್ಕಾ. ಸಾಕಾತು.
'ಸಾಕಾತು ಅಂದ್ರ?'
ಅದಕ್ಕೆ ಇನ್ನೂ ಚೀಟಿ ಬಂದಿಲ್ಲ.

ಹನ್ನೆರಡನೆಯದು: ದೂರದಿಂದ ಬಂದದ್ದು.
ಓದಿದೊಡನೆ ಎಲ್ಲರೂ ನನ್ನ ಮುಖ ನೋಡಿದರು.
ನಾನು ಸಿಂಕಿನ ನಲ್ಲಿಯ ಚಿತ್ರ ತೆಗೆದೆ.
ಮರ್ರೇ ನದಿಯಿಂದ ಮುನ್ನೂರೈವತ್ತು ಕಿಲೋಮೀಟರ್
ಕೊಳವೆಯ ಕತ್ತಲಲ್ಲಿ ನಡೆದು ಬರುತ್ತದೆ ಈ ನೀರು.
ದಾರಿಯುದ್ದಕ್ಕೂ ಉಪ್ಪುಪೊದೆ,
ಅದಕ್ಕದು ಕಾಣುವುದೂ ಇಲ್ಲ.
ನಮ್ಮಲ್ಲೊಂದು ಮಾತಿದೆ ಎಂದೆ: ನೀರಿನ ಋಣ.
ಅದು ಇದ್ದಷ್ಟು ದಿನ ಒಂದೂರಿನಲ್ಲಿರುತ್ತೇವೆ.
'ಋಣ ಅಂದರೆ ಸಾಲವಾ? ಮೀಟರ್ ನೋಡಿ ಬಿಲ್ಲು ಬರುತ್ತಲ್ಲ?'
ಬರುತ್ತದೆ. ಕೊನೆಯದನ್ನು ನಿನ್ನೆಯೇ ಕಟ್ಟಿದೆ.
ರಸೀದಿ ಇದೆ ನನ್ನ ಹತ್ತಿರ,
ತೀರಿತು ಎಂದು ಮಾತ್ರ ಅದರಲ್ಲಿ ಬರೆದಿಲ್ಲ.

ಹದಿನೈದು, ಹದಿನಾರು ಚೆನ್ನಾಗಿ ಬರಲಿಲ್ಲ.
ಹದಿನೇಳಕ್ಕೆ 'ಸುಖ' ಅಂತ ಬಂತು;
ನನ್ನ ಹೆಬ್ಬೆರಳೇ ಅಡ್ಡ ನಿಂತಿದೆ ಆ ಚಿತ್ರದಲ್ಲಿ.

ಕಾರು ಮಾರಿದ ಮೇಲೆ ನಡೆದು ಹೋಗಿ ಕಂಡದ್ದು:
ಇಲ್ಲಿಯ ಜೆಟ್ಟಿ ದುಂಡಗಿದೆ.
ಕಡಲೊಳಗೆ ಹೋಗಿ, ಸುತ್ತಿ, ದಡಕ್ಕೇ ಮರಳುತ್ತದೆ.
'ಗಣಿತ' ಎಂಬ ಚೀಟಿಗೆ ಅದನ್ನು ಕೊಟ್ಟೆ.
ಹೊರಟಲ್ಲಿಗೇ ಬಂದು ಸೇರಲು
ಎಷ್ಟು ಹಲಗೆ ಬೇಕು ಎಂದು ಎಣಿಸುತ್ತ ಹೋದವಳಿಗೆ
ಮೀನು ಹಿಡಿಯುವ ಮುದುಕ ಅಡ್ಡ ಸಿಕ್ಕ,
ಲೆಕ್ಕ ತಪ್ಪಿತು.

ಫ್ರಿಜ್ ಹೋಯಿತು. ಮಂಚ ಹೋಯಿತು.
ಸೋಫಾದ ನಾಲ್ಕು ಕಾಲು ಕಾರ್ಪೆಟ್ಟಿನಲ್ಲಿ ಬಿಟ್ಟ ಗುಳಿಗಳು
'ಖಾಲಿ'ಗೆ ಆದವು.
ಮೂವತ್ತು ಕಿಲೋ ಮೀರಬಾರದ ಸೂಟ್‌ಕೇಸಿಗೆ
ಈ ಫೋನಿನೊಳಗಿನ ಭಾರ ಲೆಕ್ಕಕ್ಕಿಲ್ಲ.

ಕೊನೆಯ ಚೀಟಿ: ನನ್ನ ಫೋಟೊ.
ಹೆಸರಿಲ್ಲ. ಅಕ್ಷರ ಗೊತ್ತು.
ತರಗತಿಯ ಚಿತ್ರದಲ್ಲೆಲ್ಲ ಎತ್ತರದವರ ಹಿಂದೆ ಬಗ್ಗುವ ಬ್ರೋಡಿ.
ಮಕ್ಕಳ ಚಿತ್ರ ಮೇಷ್ಟ್ರುಗಳ ಫೋನಿನಲ್ಲಿ ಕೂಡದು,
ಶಾಲೆಯ ನಿಯಮ, ಹೊಸ ಶಿಕ್ಷಕರಿಗೆ ಓದಿ ಹೇಳುತ್ತಿದ್ದವಳು ನಾನೇ.
ಸೈಕಲ್ ಸ್ಟ್ಯಾಂಡಿನ ಹತ್ತಿರ ಕಾಯುತ್ತಿದ್ದ,
ಕೂದಲಿಗೆ ನೀರು ಹಚ್ಚಿ ಬಾಚಿಕೊಂಡು.
ಫೋನನ್ನು ಚೀಲಕ್ಕೆ ಹಾಕಿದೆ.
ಅಲ್ಲೇ ನಿಲ್ಲು ಅಂದೆ.
ನೋಡಿದೆ. ಒಂದು ನಿಮಿಷ ಇದ್ದೀತು.
ಅವನೂ ಅಲುಗಲಿಲ್ಲ, ರೆಪ್ಪೆ ಕೂಡ ತಡೆದು ಹಿಡಿದ.
'ಬಂತಾ ಮಿಸ್?'
ಬಂತು.
ತಲೆಯನ್ನು ಎರಡೂ ಕೈಯಿಂದ ಮತ್ತೆ ಕೆದರಿಕೊಂಡು
ಸೈಕಲ್ ಹತ್ತಿದ.